ಚೌರಪ್ಪನ ಪಟ್ಟಿಯಲ್ಲಿ ನನ್ನ ಹೆಸರು

ಎಪ್ಪತ್ತೆಂಟನೇ ಇಸವಿಯ ಆಯುಧಪೂಜೆಯ ದಿನ ನಾನು ಕೂರಬಾರದ ಕಡೆ ಕೂತೆ. ಪೀಣ್ಯದ ವರದಾ ಟೂಲ್ಸ್ ಎಂಬ ಸಣ್ಣ ಕಾರ್ಖಾನೆಯ ಟೈಮ್ ಆಫೀಸಿಗೆ ಗುಮಾಸ್ತನಾಗಿ ಸೇರಿ ಆಗ ಹನ್ನೊಂದು ದಿನ. ಹೆಂಡತಿ ಪಂಕಜಾ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟಿದ್ದ ಬಿಳಿ ಪ್ಯಾಂಟು ತೊಟ್ಟು, ಗ್ರೂಪ್ ಫೋಟೋಗೆ ಎಲ್ಲರನ್ನೂ ಕರೆತರುವ ಅಧಿಕಾರ ಹೊತ್ತು, ಷೆಡ್ಡಿನ ಕೊನೆಯಲ್ಲಿ ತಗಡು ಹೊಡೆದು ಬೇರೆ ಮಾಡಿದ್ದ ಕೋಣೆಗೆ ನುಗ್ಗಿದೆ. ಅಲ್ಲಿ ಕಿಟಕಿ ಇಲ್ಲ, ಫ್ಯಾನ್ ಇಲ್ಲ. ನಡುವೆ ಮಂಡಿಯೆತ್ತರದ ಕಬ್ಬಿಣದ ಮೇಜು. ಅದರ ಮುಖ ಕೊಳದ ನೀರಿನ ಹಾಗೆ ನಿಶ್ಚಲ. ಮೂಲೆಯಲ್ಲಿ ಉದ್ದನೆಯ ಮನುಷ್ಯನೊಬ್ಬ ಬಟ್ಟೆಯಲ್ಲಿ ಕೈ ಒರೆಸುತ್ತಿದ್ದ. "ಏನ್ರೀ, ನಿಮಗೊಬ್ಬರಿಗೆ ಬೇರೆ ಹೇಳ್ಬೇಕಾ?" ಎಂದು ಗದರಿ, ಗದರಿದ ಗಾಂಭೀರ್ಯಕ್ಕೆ ತಕ್ಕ ಆಸನ ಬೇಕಲ್ಲವೇ ಎಂದು ಆ ಮೇಜಿನ ಮೇಲೆ ಕೂತೆ.  ಅವನು ನಾನು ಕೂತ ಭಾಗವನ್ನು ಗಮನವಿಟ್ಟು ನೋಡಿದ.

ಅಲ್ಲಿಂದ ಹೋಗಿ ಅತಿಥಿಗಳ ಕುರ್ಚಿ ಗಟ್ಟಿಯಾಗಿದೆಯೇ ಎಂದು ಒಮ್ಮೆ ಕೂತು ಪರೀಕ್ಷಿಸಿದೆ. ಆಮೇಲೆ ಅದರಲ್ಲಿ ಮಾಲೀಕರ ತಂದೆಯವರನ್ನು ಕೂರಿಸಿದೆ. ಮಂಗಳಾರತಿಗೆ ಅವರು ಎದ್ದಾಗ ಬೆಳ್ಳನೆಯ ಪಂಚೆಯ ಹಿಂಭಾಗದಲ್ಲಿ ಎರಡು ನೀಲಿ ಚಂದ್ರರು ಮೂಡಿದ್ದರು. ಮೂಲ ಎಲ್ಲಿಯದೆಂದು ಹುಡುಕುವ ಕಷ್ಟವೇನೂ ಯಾರಿಗೂ ಆಗಲಿಲ್ಲ. ಗಾಬರಿಯಲ್ಲಿ ನಾನು ಪ್ಯಾಂಟು ಒರೆಸಿಕೊಂಡು, ಅದೇ ಕೈಯಿಂದ ಹಣೆಯನ್ನೂ ಒರೆಸಿಕೊಂಡಿದ್ದೆ. ಆ ಫೋಟೋ ಈಗಲೂ ಆಫೀಸಿನ ಗೋಡೆಯ ಮೇಲಿದೆ. ಎರಡನೆಯ ಸಾಲಿನಲ್ಲಿ, ಹಣೆ ಸುಟ್ಟವನಂತೆ ನಿಂತಿರುವವನು ನಾನು.

ಮಾರನೆಯ ದಿನ ಆ ಉದ್ದನೆಯ ಮನುಷ್ಯನನ್ನು ಹಿಡಿದು, ಕೂರುವ ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ. ಅವನು ಮೇಜಿನ ಮೇಲೆ ಉಳಿದಿದ್ದ ನನ್ನ ಗುರುತನ್ನು ತೋರಿಸಿ ಹೇಳಿದ: "ಎರಡೇ ಕಡೆ ಹತ್ತಿದೆ ಸಾರ್. ಮಟ್ಟ ಇದ್ದಿದ್ರೆ ಎಲ್ಲಾ ಕಡೆ ಒಂದೇ ಸಮ ಹತ್ತೋದು. ನಿಮ್ಮನ್ನ ಇನ್ನೂ ಕೆರೀಬೇಕು."

ಹೀಗೆ ನನಗೆ ಚೌರಪ್ಪನ ಪರಿಚಯವಾಯಿತು.

ಅವನು ಕಥೋಲಿಕ ಕ್ರೈಸ್ತ, ದಾಸರಹಳ್ಳಿಯ ಆಚೆ ಬಾಡಿಗೆ ಮನೆಯಲ್ಲಿ ಹೆಂಡತಿಯೊಡನೆ ಇದ್ದ. ಅವನ ಕೆಲಸ ಕಬ್ಬಿಣವನ್ನು ಕೆರೆದು ಮಟ್ಟಸ ಮಾಡುವುದು. ಕಾರ್ಖಾನೆಗಳಲ್ಲಿ ಅಳತೆ ಹಿಡಿಯಲು ಬೇಕಾದ ಸರ್ಫೇಸ್ ಪ್ಲೇಟು ಎಂಬ ದಪ್ಪ ಹಲಗೆಗಳನ್ನು ನಾವು ಮಾಡುತ್ತಿದ್ದೆವು. ಎಂಥ ಯಂತ್ರದಲ್ಲಿ ಉಜ್ಜಿದರೂ ಹಲಗೆಯಲ್ಲಿ ಕಣ್ಣಿಗೆ ಕಾಣದ ದಿಣ್ಣೆಗಳು ಉಳಿಯುತ್ತವೆ. ಅದಕ್ಕೆ ಚೌರಪ್ಪ ತನ್ನ ಮಾಸ್ಟರ್ ಪ್ಲೇಟಿಗೆ, ಅಂದರೆ ನಾನು ಕೂತ ಆ ಮೇಜಿಗೆ, ತೆಳ್ಳಗೆ ನೀಲಿ ಹಚ್ಚಿ, ಹೊಸ ಹಲಗೆಯನ್ನು ಅದರ ಮೇಲೆ ಬೋರಲು ಮಲಗಿಸಿ ಉಜ್ಜುವನು. ಎತ್ತಿ ನೋಡಿದರೆ ದಿಣ್ಣೆಗಳಿಗೆ ಮಾತ್ರ ನೀಲಿ ಹತ್ತಿರುತ್ತದೆ. ಹಳೆಯ ಅರವನ್ನು ಸಾಣೆ ಹಿಡಿದು ಮಾಡಿಕೊಂಡ ಉಳಿಯಿಂದ ಅಷ್ಟನ್ನೇ ಕೆರೆದು ಮತ್ತೆ ಮಲಗಿಸುವನು. ಒಂದು ಹಲಗೆಗೆ ಇಪ್ಪತ್ತು ದಿನ, ಮೂವತ್ತು ದಿನ. ಕರ್, ಕರ್, ಕರ್ ಎಂಬ ಆ ಸದ್ದು ಷೆಡ್ಡಿನ ಗಲಾಟೆಯಲ್ಲಿ ಕೇಳಿಸುತ್ತಿರಲಿಲ್ಲ. ಕರೆಂಟು ಹೋದಾಗ ಮಾತ್ರ ಕೇಳಿಸುತ್ತಿತ್ತು, ಗೋಡೆಯೊಳಗೆ ಏನೋ ಸೇರಿಕೊಂಡಿರುವ ಹಾಗೆ.

ನನ್ನ ಕೆಲಸ ಇದಕ್ಕಿಂತ ಘನವಾದದ್ದೆಂದು ನನ್ನ ಭಾವನೆಯಾಗಿತ್ತು. ಗೇಟಿನ ಪಕ್ಕದ ಟೈಮ್ ಆಫೀಸಿನಲ್ಲಿ ಒಂದು ಬಿಲ್ಲೆ ಬೋರ್ಡು, ಅದರಲ್ಲಿ ಎರಡು ಭಾಗ: ಒಳಗೆ, ಹೊರಗೆ. ಪ್ರತಿಯೊಬ್ಬನಿಗೂ ನಂಬರಿನ ಹಿತ್ತಾಳೆ ಬಿಲ್ಲೆ. ಬಂದಾಗ 'ಒಳಗೆ' ಮೊಳೆಗೆ, ಹೋದಾಗ 'ಹೊರಗೆ' ಮೊಳೆಗೆ. ಯಾವ ಕ್ಷಣದಲ್ಲಿ ಗೇಟಿನೊಳಗೆ ಯಾರಿದ್ದಾರೆಂದು ಹೇಳಬಲ್ಲ ಏಕಮಾತ್ರ ಮನುಷ್ಯ ನಾನು ಎಂದು ಬೀಗುತ್ತಿದ್ದೆ. ಬಿಡುವಿನಲ್ಲಿ ವಾರಪತ್ರಿಕೆಗಳಿಗೆ ನಗೆಲೇಖನ ಬರೆಯುತ್ತಿದ್ದೆ. ಅವನ್ನು ಓದಿ ನಕ್ಕವರನ್ನು ಇದುವರೆಗೆ ನಾನು ಖುದ್ದಾಗಿ ನೋಡಿಲ್ಲ.

ಚೌರಪ್ಪನ ಕೋಣೆಯ ಮೂಲೆಯಲ್ಲಿ ಬಡಗಿಯ ಉಳಿ ಹಿಡಿದ ಗಡ್ಡದ ಹಿರಿಯರೊಬ್ಬರ ಪಟವಿತ್ತು. ಒಮ್ಮೆ ಕೆಣಕಿದೆ: "ನಮ್ಮಲ್ಲಿ ದೇವರು ಜಾಸ್ತಿ ಅಂತೀರಲ್ಲ, ನಿಮ್ಮಲ್ಲೇನು ಕಮ್ಮಿ ಇದಾರಾ?"

"ದೇವರಲ್ಲ ಸಾರ್. ಸೂಸೈಯಪ್ಪನೋರು. ಯೇಸುಸ್ವಾಮಿಗಳ ಸಾಕುತಂದೆ, ಬಡಗಿ ಕೆಲಸ. ನಮ್ಮ ಗ್ರಂಥದಲ್ಲಿ ಅವರು ಆಡಿದ್ದು ಅಂತ ಒಂದು ಮಾತೂ ಬರ್ದಿಲ್ಲ. ಸುಮ್ನೆ ಕೆಲಸ ಮಾಡ್ಕೊಂಡು ತೀರೋದ್ರು. ಸಂತರಾದ್ರು."

"ಹಾಗಾದ್ರೆ ಇವರು ಇನ್‌ಫ್ಲುಯೆನ್ಸು. ಮೇಲಿನವರ ಹತ್ರ ಶಿಫಾರಸು ಮಾಡಿಸೋಕೆ."

"ಶಿಫಾರಸಲ್ಲ ಸಾರ್. ಪ್ಲೇಟು ಎತ್ತುವಾಗ ಪಕ್ಕದ ಬೆಂಚಿನೋನ್ನ 'ಒಂದು ಕೈ ಆಕಪ್ಪ' ಅಂತ ಕರೀತೀವಲ್ಲ, ಅಂಗೆ. ಅವನೇನು ಮ್ಯಾನೇಜರಾ? ನಮ್ಮಂಗೇ ಕೂಲಿಯೋನು. ಮೊದಲು ಬಂದು ಮೊದಲು ಮುಗಿಸಿದಾನೆ, ಅಷ್ಟೆ."

ಚರ್ಚಿನಲ್ಲಿ ವಿಗ್ರಹ ಇಟ್ಟಿರುವ ಸಂತರು ಅವರ ಧರ್ಮಸಭೆ ಪರೀಕ್ಷೆ ಮಾಡಿ ಘೋಷಿಸಿದವರಂತೆ. ಯಾರ ಕಣ್ಣಿಗೂ ಬೀಳದೆ ಹೋದ ಸಂತರು ಅವರಿಗಿಂತ ಎಷ್ಟೋ ಪಾಲು ಹೆಚ್ಚಂತೆ. ಹೆಸರಿಲ್ಲದ ಅವರೆಲ್ಲರಿಗೂ ಸೇರಿಸಿ ನವೆಂಬರ್ ಒಂದನೇ ತಾರೀಖು ಹಬ್ಬವಂತೆ. ಸಂತನಾಗುವುದು ಫಾದರ್‌ಗಳಿಗೆ, ಸಿಸ್ಟರ್‌ಗಳಿಗೆ ಬಿಟ್ಟ ಕೆಲಸವಲ್ಲವಂತೆ. ಲೇತು ತಿರುಗಿಸುವವನಿಗೂ ಆ ಕರೆ ಬಂದಿದೆಯಂತೆ. "ನಿಮಗೂ ಬಂದಿದೆ ಸಾರ್," ಎಂದ. ನನಗೆ ಅಂಥ ಕಾಗದ ಯಾವುದೂ ತಲುಪಿಲ್ಲ, ಪೀಣ್ಯದ ಅಂಚೆ ತಡ ಎಂದೆ. ಅವನು ನಗಲಿಲ್ಲ. ಉಳಿಯ ಅಂಚನ್ನು ಹೆಬ್ಬೆರಳಲ್ಲಿ ನೋಡಿಕೊಂಡ. ಅವನ ಉಗುರುಗಳ ಸಂದಿಯಲ್ಲಿ ಆ ನೀಲಿ ಯಾವಾಗಲೂ ಇರುತ್ತಿತ್ತು. ಕೈಯನ್ನು ಮಾತ್ರ ನೋಡಿದರೆ ಜೀವವಿರುವವನದೆಂದು ಹೇಳುವಂತಿರಲಿಲ್ಲ.

ಎಂಬತ್ತೊಂದರಲ್ಲಿ ನಮ್ಮ ವಾಚ್‌ಮನ್ ಹನುಮಂತರಾಯಪ್ಪ ತೀರಿಕೊಂಡ. ಕಾರ್ಖಾನೆ ನಿಂತಿರುವ ನೆಲ ಒಂದು ಕಾಲಕ್ಕೆ ಅವನ ರಾಗಿ ಹೊಲ. ಅದೇ ನೆಲಕ್ಕೆ ಖಾಕಿ ತೊಟ್ಟು ಕಾವಲು ನಿಂತಿದ್ದ. ಎಲ್ಲರೂ ನನ್ನನ್ನು 'ಸಾರ್' ಎಂದರೆ ಅವನೊಬ್ಬ 'ಸುಬ್ಬಯ್ಯ ಸಾಮೀ' ಎಂದು ರಾಗವಾಗಿ ಕರೆಯುತ್ತಿದ್ದ. ಹಗಲಲ್ಲಿ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ. ಅದರ ಮೇಲೆ ನಾನೊಂದು ನಗೆಲೇಖನ ಬರೆದು, ಅವನಿಗೇ ಓದಿ ಹೇಳಿದ್ದೆ. ಅವನು "ಚೆನ್ನಾಗದೆ ಸಾಮೀ" ಎಂದು ಮತ್ತೆ ತೂಕಡಿಸಿದ್ದ. ಸತ್ತಾಗ ಅವನ ಒಂಬತ್ತನೇ ನಂಬರಿನ ಬಿಲ್ಲೆಯನ್ನು ಹೊಸ ವಾಚ್‌ಮನ್ ಮುಟ್ಟಲು ಒಪ್ಪಲಿಲ್ಲ. ಅದು 'ಹೊರಗೆ' ಮೊಳೆಯಲ್ಲೇ ಉಳಿಯಿತು.

ಎಂಬತ್ತೆರಡರ ಬೇಸಿಗೆಯಲ್ಲಿ ದಿನಕ್ಕೆರಡು ಸಲ ಕರೆಂಟು ಹೋಗುತ್ತಿತ್ತು. ಒಂದು ಮಧ್ಯಾಹ್ನ ಹಾಗೆಯೇ ಹೋಯಿತು. ಹನ್ನೆರಡು ಲೇತುಗಳೂ ಒಟ್ಟಿಗೆ ಉಸಿರು ಬಿಟ್ಟು ನಿಂತವು. ನಾನು ತಗಡಿನ ಗೋಡೆಯ ಈಚೆ ಇದ್ದೆ. ಒಳಗೆ ಚೌರಪ್ಪ ಕೆರೆಯುತ್ತಲೇ ಹೆಸರುಗಳನ್ನು ಹೇಳುತ್ತಿದ್ದ, ಕರ್ ಎಂಬುದಕ್ಕೆ ಒಂದರಂತೆ. ಸಂತ ಸೂಸೈಯಪ್ಪನವರೇ. ಸಂತ ಅಂತೋಣಿಯವರೇ. ಒಂದೊಂದು ಹೆಸರಿನ ನಂತರವೂ ಉತ್ತರ ಬರುತ್ತಿತ್ತು: "ನಮಗಾಗಿ ಪ್ರಾರ್ಥಿಸಿರಿ." ಆಮೇಲೆ ಕೇಳಿಸಿತು: "ಹನುಮಂತರಾಯಪ್ಪನವರೇ." ಮತ್ತೆ ಉತ್ತರ: "ನಮಗಾಗಿ ಪ್ರಾರ್ಥಿಸಿರಿ."

ಹೆಸರು ಹೇಳುತ್ತಿದ್ದದ್ದು ಚೌರಪ್ಪನ ದನಿ. ಉತ್ತರದ್ದು ಹಾಗಿರಲಿಲ್ಲ. ಅದು ತೆಳ್ಳಗೆ, ಕೊಂಚ ತಡವಾಗಿ, ಪಕ್ಕದ ಮನೆಯಲ್ಲಿ ನಾಲ್ಕಾರು ಜನ ತಗ್ಗಿದ ದನಿಯಲ್ಲಿ ಮಾತಾಡಿದ ಹಾಗಿತ್ತು. ಬಾಗಿಲು ತಳ್ಳಿ ನೋಡಿದೆ. ಚೌರಪ್ಪನೊಬ್ಬನೇ, ಮೇಣದ ಬತ್ತಿಯ ಬೆಳಕಿನಲ್ಲಿ ಬಗ್ಗಿದ್ದ. "ಏನ್ ಸಾರ್?" ಎಂದ. "ಏನಿಲ್ಲ" ಎಂದೆ. ನನ್ನ ಜೀವನದಲ್ಲಿ ನಾನು ಹೇಳಿರುವ ಅತಿ ದೊಡ್ಡ ಸುಳ್ಳುಗಳೆಲ್ಲ ಈ ಒಂದೇ ಪದದವು.

ನಾನೊಬ್ಬನೇ ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗೋಡೆಗೆ ತಾಗಿದಂತೆ ಲೇತು ನಡೆಸುತ್ತಿದ್ದ ಆಂಜಿನಪ್ಪನೂ ಕೇಳುತ್ತ ಬಂದಿದ್ದ. ಸೆಪ್ಟೆಂಬರಿನ ಒಂದು ಬುಧವಾರ ಕರೆಂಟು ಹೋದಾಗ ಒಳಗಿಂದ ಚಿಕ್ಕಮುನಿಯಪ್ಪನ ಹೆಸರು ಕೇಳಿಸಿತು. ಚಿಕ್ಕಮುನಿಯಪ್ಪ ಆಂಜಿನಪ್ಪನ ಪಕ್ಕದ ಲೇತಿನವನು. ಆಗ ಅಲ್ಲೇ ನಿಂತು ಬೀಡಿ ಹಚ್ಚುತ್ತಿದ್ದ. ಶನಿವಾರ ಅವನು ಸತ್ತ.

ಸೋಮವಾರ ಬೆಳಿಗ್ಗೆ ಚೌರಪ್ಪನ ಸ್ಕ್ರೇಪಿಂಗ್ ರೂಮಿನ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ತೂಗಾಡುತ್ತಿದ್ದವು. ಚೌರಪ್ಪ ಕೆರೆದ ಪ್ಲೇಟನ್ನು ಮುಟ್ಟಲು ಯಾರೂ ಒಪ್ಪಲಿಲ್ಲ. ಆಂಜಿನಪ್ಪ ನಾಲ್ವರನ್ನು ಕಟ್ಟಿಕೊಂಡು ಮ್ಯಾನೇಜರ ಮುಂದೆ ನಿಂತ. "ಅವ್ನು ಸಾವು ಕರೀತಾನೆ ಸಾರ್. ಅವ್ನಿರ್ಬೇಕು, ಇಲ್ಲಾ ನಾವಿರ್ಬೇಕು."

ಮ್ಯಾನೇಜರು ಗಾಳಿಮಾತನ್ನು ನಂಬದ ಮನುಷ್ಯ. ನಂಬದಿದ್ದರೂ ಅಂದಿನಿಂದ ಚೌರಪ್ಪನ ಎದುರು ಸುಳಿಯುವುದನ್ನು ಬಿಟ್ಟಿದ್ದರು. ನನ್ನನ್ನು ಕರೆದರು. "ಸುಬ್ಬಯ್ಯ, ನೀವು ವಿಚಾರಣೆ ಮಾಡಿ ರಿಪೋರ್ಟ್ ಕೊಡಿ. ಅವನಿಂದ ತೊಂದರೆ ಇದೆ ಅಂತ ನೀವು ಬರೆದ್ರೆ ಮಾರನೇ ದಿನ ಕಳಿಸ್ಬಿಡ್ತೀನಿ. ನೀವು ಹೇಗೂ ಬರೆಯೋರು."

ಐವತ್ತೆರಡು ವರ್ಷದ ಕೆರೆಯುವ ಕೈಗೆ ಪೀಣ್ಯದಲ್ಲಿ ಬೇರೆ ಯಾರೂ ಕೆಲಸ ಕೊಡುವುದಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅಕ್ಟೋಬರ್ ಒಂದನೇ ತಾರೀಖು ಕಾಗದ, ಪೆನ್ನು ಹಿಡಿದು ಅವನ ಕೋಣೆಗೆ ಹೊರಟೆ. ಬಾಗಿಲಿಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗ ಕರೆಂಟು ಹೋಯಿತು. ಲೇತುಗಳು ನಿಂತವು. ಆ ಮೌನದಲ್ಲಿ, ಒಳಗಿಂದ, ಸ್ಪಷ್ಟವಾಗಿ:

"ವೆಂಕಟಸುಬ್ಬಯ್ಯನವರು."

ಅದು ನನ್ನ ಪೂರ್ತಿ ಹೆಸರು. ಉತ್ತರ ಬರುವುದರೊಳಗೆ ಕರೆಂಟು ಬಂತು. ಹನ್ನೆರಡು ಲೇತುಗಳು ಒಟ್ಟಿಗೆ ಕಿರುಚಿಕೊಂಡು, ಉತ್ತರವೇನಾದರೂ ಇದ್ದಿದ್ದರೆ ಅದನ್ನು ನುಂಗಿಬಿಟ್ಟವು. ಆಂಜಿನಪ್ಪ ನನ್ನನ್ನು ನೋಡಿದ. ಹೆಣ ನೋಡಿದವರು ಮಾಡುವ ಹಾಗೆ ತಲೆಗೆ ಸುತ್ತಿದ್ದ ಟವಲನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

ವಿಚಾರಣೆಗೆ ಹೋದವನಿಗೆ ತಾನೇ ಆರೋಪಪಟ್ಟಿಯಲ್ಲಿ ಸೇರಿದಂತಾಗಿತ್ತು. ಆದರೂ ಕೂತೆ, ಮೊದಲು ಆಸನ ಮುಟ್ಟಿ ನೋಡಿಕೊಂಡು.

"ಚೌರಪ್ಪ, ನಿಮ್ಮ ಮೇಲೆ ವಿಚಾರಣೆ ನನಗೆ ಬಿದ್ದಿದೆ."

"ಗೊತ್ತು ಸಾರ್. ನಮ್ಮಲ್ಲೂ ಒಬ್ಬರು ಇರ್ತಾರೆ. ಯಾರನ್ನಾದ್ರೂ ಸಂತರು ಅಂತ ಘೋಷಣೆ ಮಾಡೋಕ್ಮುಂಚೆ, 'ಇಲ್ಲ, ಇವನು ಸಂತನಲ್ಲ' ಅಂತ ವಾದ ಮಾಡೋಕೆ. ಸೈತಾನನ ವಕೀಲರು ಅಂತಾರೆ. ಒಳ್ಳೇ ಕೆಲಸ. ಅವರಿಲ್ದೆ ಆಗಲ್ಲ."

ನನ್ನ ಹುದ್ದೆಗೆ ಇಂಥ ಬಿರುದು ಮೊದಲ ಸಲ ಸಿಕ್ಕಿತ್ತು. ಚಿಕ್ಕಮುನಿಯಪ್ಪನ ವಿಷಯ ಕೇಳಿದೆ.

"ನನ್ನತ್ರ ಎರಡು ಪಟ್ಟಿ ಅದೆ ಸಾರ್, ಬಾಯಲ್ಲೇ. ಒಂದು ತೀರೋದೋರದು. ಅವರನ್ನ ನಮಗೋಸ್ಕರ ಬೇಡ್ಕೊಳ್ಳಿ ಅಂತ ಕೇಳ್ತೀನಿ. ಇನ್ನೊಂದು ಬದುಕಿರೋರದು. ಅವರಿಗೋಸ್ಕರ ನಾನು ಬೇಡ್ಕೊತೀನಿ. ಚಿಕ್ಕಮುನಿಯಪ್ಪ ಕೆಮ್ಮಿದ್ರೆ ರಕ್ತ ಬರ್ತಿತ್ತು. ಮನೇಲಿ ಏಳ್ಬೇಡ ಅಂತ ನನಗೊಬ್ಬನಿಗೇ ಏಳಿದ್ದ. ಬದುಕಿರೋರ ಪಟ್ಟೀಲಿ ಆಕ್ಕೊಂಡೆ. ಸತ್ತ ಮೇಲೆ ಆ ಕಡೆ ಆಕಿದೆ."

"ಹನುಮಂತರಾಯಪ್ಪ? ಅವನು ನಿಮ್ಮವನೂ ಅಲ್ಲ. ಸ್ಟೂಲಿನ ಮೇಲೆ ನಿದ್ದೆ ಮಾಡೋದು ಬಿಟ್ಟು ಏನು ಮಾಡಿದ?"

ಚೌರಪ್ಪ ಉಳಿ ಕೆಳಗಿಟ್ಟ. "ಲೇತಿಂದ ಬೀಳೋ ಕಬ್ಬಿಣದ ಸುರುಳಿ ನೋಡಿದೀರಲ್ಲ, ಬ್ಲೇಡು. ಗುಡಿಸೋ ಮಾರಕ್ಕ ಬರಿಗಾಲಲ್ಲಿ ಬರ್ತಾಳೆ. ರಾತ್ರಿ ಪಾಳಿ ಬಿಟ್ಟ ಮೇಲೆ, ಅವಳು ಬರೋಕ್ಮುಂಚೆ, ದಾರಿ ಉದ್ದಕ್ಕೂ ಬಗ್ಗಿ ಒಂದೊಂದೇ ಆಯ್ದು ಆಕ್ತಿದ್ದ ಸಾರ್, ಏಳು ವರ್ಷ. ಯಾರಿಗೂ ಏಳಿಲ್ಲ. ನಾನು ಬೇಗ ಬರ್ತೀನಲ್ಲ, ನೋಡಿದೀನಿ. ಅದಕ್ಕೇ ಅಗಲೊತ್ತು ತೂಕಡಿಸ್ತಿದ್ದ."

ನನ್ನ ನಗೆಲೇಖನ ನೆನಪಾಯಿತು. ಅದರಲ್ಲಿ ಹನ್ನೆರಡು ಹಾಸ್ಯೋಕ್ತಿಗಳಿದ್ದವು.

"ನಮ್ಮೋನಲ್ದೋನ ಎಸರು ಏಳ್ಬೋದಾ ಅಂತ ನಮ್ ಫಾದರ್‌ನ ಕೇಳ್ದೆ ಸಾರ್. 'ಸಭೆ ಕೆಲವರನ್ನ ಸಂತರು ಅಂತ ಏಳಿದೆ, ಇಂಥೋನು ನರಕದಲ್ಲವ್ನೆ ಅಂತ ಯಾರನ್ನೂ ಏಳಿಲ್ಲ. ನೀನು ನಿನ್ ಪಾಡಿಗೆ ಬೇಡ್ಕೊ, ಚರ್ಚಲ್ಲಿ ಜೋರಾಗಿ ಏಳ್ಬೇಡ' ಅಂದ್ರು. ಅದಕ್ಕೇ ಇಲ್ಲಿ ಏಳ್ತೀನಿ."

ಪೆನ್ನಿನ ಮುಚ್ಚಳ ಹಾಕಿದೆ. "ನನ್ನ ಹೆಸರು?"

"ಬದುಕಿರೋರ ಪಟ್ಟೀಲಿ ಸಾರ್."

"ನನಗೇನೂ ಆಗಿಲ್ವಲ್ಲ! ಕೆಮ್ಮಿಲ್ಲ, ರಕ್ತ ಇಲ್ಲ. ಯಾಕೆ ಸೇರಿಸಿದಿರಿ?"

"ಗೊತ್ತಿಲ್ಲ ಸಾರ್. ಈವತ್ತು ಮನಸ್ಸಿಗೆ ಬಂತು."

ಇದಕ್ಕಿಂತ ಅವನು ಏನಾದರೊಂದು ರೋಗದ ಹೆಸರು ಹೇಳಿದ್ದರೆ ಸಮಾಧಾನವಾಗುತ್ತಿತ್ತು. ಏಳುವಾಗ ಕೊನೆಯದಾಗಿ ಕೇಳಿದೆ: "ಆ 'ನಮಗಾಗಿ ಪ್ರಾರ್ಥಿಸಿರಿ' ಅನ್ನೋದನ್ನ ಯಾಕೆ ದನಿ ಬದಲಾಯಿಸಿ ಹೇಳ್ತೀರಿ? ಜನ ಹೆದರ್ತಾರೆ."

ಅವನು ಹುಬ್ಬು ಗಂಟಿಕ್ಕಿದ. "ಅದನ್ನ ನಾನು ಏಳಲ್ಲ ಸಾರ್. ಎಸರು ಏಳೋನು ಒಬ್ಬ, ಉತ್ತರ ಏಳೋರು ಬೇರೆ. ಚರ್ಚಲ್ಲಾದ್ರೆ ಜನ ಏಳ್ತಾರೆ. ಇಲ್ಲಿ ಯಾರವ್ರೆ? ಎಸರು ಏಳಿ ಅಷ್ಟೊತ್ತು ಸುಮ್ನಿರ್ತೀನಿ."

ನಾನು ಅದನ್ನು ಕಾಗದದ ಮೇಲೆ ಬರೆದುಕೊಳ್ಳಲಿಲ್ಲ.

ಮ್ಯಾನೇಜರಿಗೆ ಆಂಜಿನಪ್ಪ ಆಗಲೇ ಸುದ್ದಿ ಮುಟ್ಟಿಸಿದ್ದ. ಅವರು ನನ್ನನ್ನು ಬಹಳ ಗೌರವದಿಂದ ಕೂರಿಸಿದರು. "ಒಂದು ತಿಂಗಳು ನೋಡೋಣ. ನವೆಂಬರ್ ಒಂದರ ತನಕ ನಿಮಗೆ ಏನೂ ಆಗದಿದ್ರೆ ಜನರ ಮಾತು ಸುಳ್ಳು, ಚೌರಪ್ಪ ಇರ್ಲಿ. ಏನಾದ್ರೂ ಆದ್ರೆ ಕಳಿಸ್ತೀನಿ."

"ಏನಾದ್ರೂ ಆದ್ರೆ ರಿಪೋರ್ಟ್ ಯಾರು ಬರೀತಾರೆ ಸಾರ್?"

ಅವರು ಯೋಚಿಸಿದರು. "ಎರಡೂ ಥರ ಈಗಲೇ ಬರೆದು, ಸೈನ್ ಮಾಡಿ ಕೊಟ್ಬಿಡಿ."

ಕೊಟ್ಟೆ. 'ಈ ಕೆಳಗೆ ಸಹಿ ಮಾಡಿರುವವನು ಜೀವಂತವಾಗಿರುವುದರಿಂದ' ಎಂದು ಒಂದು, 'ಈ ಕೆಳಗೆ ಸಹಿ ಮಾಡಿರುವವನು ಮೃತನಾಗಿರುವುದರಿಂದ' ಎಂದು ಇನ್ನೊಂದು. ಎರಡನೆಯದರಲ್ಲಿ ಸಹಿ ಚೆನ್ನಾಗಿ ಬರಲಿಲ್ಲ, ಮತ್ತೊಮ್ಮೆ ಮಾಡಿದೆ.

ಪಂಕಜಾಗೆ ಹೇಳಿದಾಗ ಅವಳು ಬೇಳೆ ಆರಿಸುವುದನ್ನು ನಿಲ್ಲಿಸಲಿಲ್ಲ. "ಸಂತರ ಪಟ್ಟಿಯಲ್ಲಂತೂ ಇಲ್ವಲ್ಲ, ಬಿಡಿ. ಇದ್ದಿದ್ರೆ ಆ ಮನುಷ್ಯನಿಗೆ ಬುದ್ಧಿಭ್ರಮಣೆ ಅಂತ ನಾನೇ ಬರೆದುಕೊಡ್ತಿದ್ದೆ." ಆದರೆ ಮರುದಿನದಿಂದ ನಾನು ಬಸ್ಸು ಹತ್ತುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದಳು.

ಆ ಅಕ್ಟೋಬರನ್ನು ನಾನು ಮರೆಯುವುದಿಲ್ಲ. ನನ್ನ ಉಸಿರಿನ ಮೇಲೆ ಇನ್ನೊಬ್ಬನ ಅನ್ನ ನಿಂತಿತ್ತು. ನಾನು ಸೀನಿದರೆ ಇಡೀ ಷೆಡ್ಡು ತಿರುಗಿ ನೋಡುತ್ತಿತ್ತು. ಆಂಜಿನಪ್ಪ ದಿನಾ ಬೆಳಿಗ್ಗೆ ಬಿಲ್ಲೆ ಹಾಕುವಾಗ "ಚೆನ್ನಾಗಿದೀರಾ ಸಾರ್?" ಎಂದು ಕೇಳುತ್ತಿದ್ದ. ಉತ್ತರ ಕೇಳಿ ಸಂತೋಷಪಟ್ಟಂತೆ ಕಾಣುತ್ತಿರಲಿಲ್ಲ. ಎಲ್ಲಿ ಸಾಯುತ್ತೇನೋ ಎಂಬ ಭಯಕ್ಕೆ ನಾನು ಒಳ್ಳೆಯವನಾದೆ. ಎರಡು ನಿಮಿಷ ತಡವಾಗಿ ಬಂದವರಿಗೆ ತಡ ಎಂದು ಬರೆಯುವುದನ್ನು ಬಿಟ್ಟೆ. ಯಾರ ಮೇಲೂ ನಗೆಲೇಖನ ಬರೆಯಲಿಲ್ಲ. ನಿದ್ದೆ ಬಾರದೆ ಮೊದಲ ಬಸ್ಸಿಗೇ ಬರತೊಡಗಿದೆ. ಹಾಗೆ ಬಂದ ಒಂದು ಬೆಳಿಗ್ಗೆ, ಷೆಡ್ಡಿನ ದಾರಿಯಲ್ಲಿ ಚೌರಪ್ಪ ಬಗ್ಗಿ ಬಗ್ಗಿ ಕಬ್ಬಿಣದ ಸುರುಳಿಗಳನ್ನು ಆಯುತ್ತಿರುವುದನ್ನು ಕಂಡೆ. ಹನುಮಂತರಾಯಪ್ಪ ಬಿಟ್ಟುಹೋದ ಕೆಲಸ. ಸುಮ್ಮನೆ ನೋಡುತ್ತ ನಿಲ್ಲಲು ನಾಚಿಕೆಯಾಗಿ ನಾನೂ ಬಗ್ಗಿದೆ. ಮೊದಲ ದಿನವೇ ಬೆರಳು ಕುಯ್ದುಕೊಂಡೆ. ಚೌರಪ್ಪ ನೋಡಿ, "ಅಂಗೇ ಸಾರ್," ಎಂದ, ಪಾಠ ಹೇಳಿಕೊಡುವವನ ಹಾಗೆ.

ನವೆಂಬರ್ ಒಂದು ಸೋಮವಾರ, ರಾಜ್ಯೋತ್ಸವ. ಕಾರ್ಖಾನೆಗೆ ರಜಾ, ಬೆಳಿಗ್ಗೆ ಎಂಟೂವರೆಗೆ ಬಾವುಟ ಹಾರಿಸಿ ಸಿಹಿ ಹಂಚುವುದು ವಾಡಿಕೆ. ಹತ್ತಾರು ಜನ ಗೇಟಿನ ಬಳಿ ಸೇರಿದ್ದರು. ಚೌರಪ್ಪ ಶನಿವಾರವೇ ಹೇಳಿದ್ದ, ಹೆಸರಿಲ್ಲದ ಸಂತರ ಹಬ್ಬ, ಚರ್ಚಿಗೆ ಹೋಗುತ್ತೇನೆ ಎಂದು. ಸ್ಕ್ರೇಪಿಂಗ್ ರೂಮಿಗೆ ಬೀಗ ಹಾಕಿತ್ತು, ಬೀಗದ ಕೈ ನನ್ನ ಜೇಬಿನಲ್ಲಿತ್ತು. ಅಂದು ಸಂಜೆಗೆ ತಿಂಗಳು ಮುಗಿಯುತ್ತಿತ್ತು.

ಮ್ಯಾನೇಜರಿಗೆ ಕುರ್ಚಿ ತರಲು ಷೆಡ್ಡಿಗೆ ಹೋದೆ. ರಜೆಯ ದಿನದ ಷೆಡ್ಡನ್ನು ನೀವು ನೋಡಿದ್ದೀರೋ ಇಲ್ಲವೋ. ತಗಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇ‌ಳಿದಿರುತ್ತದೆ, ಯಂತ್ರಗಳು ತಲೆಯ ಮೇಲೆ ಮುಸುಕೆಳೆದುಕೊಂಡ ಹಾಗೆ ಕೂತಿರುತ್ತವೆ. ನಡುದಾರಿಯಲ್ಲಿ ಒಂದು ಕಬ್ಬಿಣದ ಸುರುಳಿ ಬಿಸಿಲಿಗೆ ಮಿಂಚುತ್ತಿತ್ತು. ರಜೆಯಾದರೂ ಇನ್ನು ಸ್ವಲ್ಪ ಹೊತ್ತಿಗೆ ಮಾರಕ್ಕ ಗುಡಿಸಲು ಬರುತ್ತಾಳೆ. ಆಯ್ದು ಹಾಕೋಣವೆಂದು ಅತ್ತ ನಡೆದೆ.

ಆಗ ಕೇಳಿಸಿತು. ಕರ್, ಕರ್, ಕರ್. ಬೀಗ ಹಾಕಿದ ಕೋಣೆಯಿಂದ. ಆಮೇಲೆ ಆ ತೆಳ್ಳನೆಯ ದನಿ, ಒಬ್ಬರದಲ್ಲದ್ದು. ಈ ಸಲ ಹೆಸರುಗಳಿರಲಿಲ್ಲ; ಉತ್ತರ ಮಾತ್ರ, ಒಂದರ ಮೇಲೊಂದು, ಅವಸರವಿಲ್ಲದೆ. ಕಾಲು ಓಡಬೇಕೆಂದಿತು, ಆದರೆ ಯಾವ ಕಡೆಗೆಂದು ಅದಕ್ಕೂ ಗೊತ್ತಿರಲಿಲ್ಲ. ಬಾಗಿಲ ಕಡೆ ಓಡಿದರೆ ಸುರುಳಿ ಅಲ್ಲೇ ಉಳಿಯುತ್ತದೆ ಎಂಬ ಹುಚ್ಚು ಯೋಚನೆ ಬಂತು. ಒಂದು ಹೆಜ್ಜೆ ಮುಂದಿಟ್ಟು ಬಗ್ಗತೊಡಗಿದೆ.

"ಸುಬ್ಬಯ್ಯ ಸಾಮೀ!"

ಹಿಂದಿನಿಂದ, ಗೇಟಿನ ಕಡೆಯಿಂದ, ರಾಗವಾಗಿ. ಹಾಗೆ ಕರೆಯುತ್ತಿದ್ದವನು ಒಬ್ಬನೇ, 'ಹೊರಗೆ' ಮೊಳೆಯಲ್ಲಿ ಬಿಲ್ಲೆ ಉಳಿದವನು. ನಾನು ಥಟ್ಟನೆ ತಿರುಗಿ ಎರಡು ಹೆಜ್ಜೆ ಹಿಂದಕ್ಕೆ ಬಂದೆ.

ನಾನು ಬಗ್ಗಿದ್ದ ಜಾಗಕ್ಕೆ ಮೇಲಿನಿಂದ ಪ್ಲೇಟು ಬಿತ್ತು. ನಾಲ್ಕಡಿ ಅಗಲದ, ಇನ್ನೂ ಉಜ್ಜದ ಎರಕದ ಹಲಗೆ; ಶನಿವಾರ ಸಂಜೆ ಆಂಜಿನಪ್ಪ ಸರಪಳಿಯಲ್ಲಿ ತೂಗುಹಾಕಿ, ಇಳಿಸುವುದನ್ನು ಮರೆತು ಮನೆಗೆ ಹೋಗಿದ್ದ. ಕೊಕ್ಕೆ ಬಿಟ್ಟುಕೊಂಡಿತ್ತು. ಗೇಟಿನಲ್ಲಿದ್ದವರು ರಾಜ್ಯೋತ್ಸವಕ್ಕೆ ಯಾರೋ ಪಟಾಕಿ ಹೊಡೆದರೆಂದು ಚಪ್ಪಾಳೆ ತಟ್ಟಿದರು. ಧೂಳು ಇಳಿದಾಗ ಕೋಣೆಯೊಳಗೆ ಸದ್ದಿರಲಿಲ್ಲ. ಗೇಟಿನ ಬಳಿ ವಿಚಾರಿಸಿದೆ. ನನ್ನನ್ನು ಯಾರೂ ಕರೆದಿರಲಿಲ್ಲ.

ಮ್ಯಾನೇಜರು ಬಂದು, ಒಡೆದ ನೆಲವನ್ನೂ ನನ್ನನ್ನೂ ನೋಡಿ, ಆಫೀಸಿಗೆ ಹೋಗಿ ನಾನು ಮೃತನಾಗಿದ್ದ ವರದಿಯನ್ನು ನನ್ನೆದುರೇ ಹರಿದುಹಾಕಿದರು. "ನೀವು ಬದುಕಿದೀರಿ. ಚೌರಪ್ಪ ಇರ್ತಾನೆ. ಇನ್ನು ಈ ವಿಷಯ ಎತ್ತಬೇಡಿ," ಎಂದರು. ಸುಮ್ಮನಿರಲು ಇಷ್ಟು ಒಳ್ಳೆಯ ಕಾರಣ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಮಾರನೆಯ ಬೆಳಿಗ್ಗೆ ಸ್ಕ್ರೇಪಿಂಗ್ ರೂಮಿನ ಬಾಗಿಲಲ್ಲಿ ನಿಂಬೆಹಣ್ಣು ಇರಲಿಲ್ಲ. ಆಂಜಿನಪ್ಪ ಇದ್ದ. ಕಣ್ಣು ಕೆಂಪಾಗಿದ್ದವು. "ಅಣ್ಣ, ನಮ್ಮವ್ವನ ಎಸ್ರೂ ಸೇರಿಸ್ಕೊಳ್ಳಣ್ಣ. ಮಂಡಿ ನೋವು ಅವಳ್ಗೆ," ಎನ್ನುತ್ತಿದ್ದ. ಅವನ ಹಿಂದೆ ಇನ್ನೂ ಮೂವರು ನಿಂತಿದ್ದರು. ಚೌರಪ್ಪ ಒಬ್ಬೊಬ್ಬರ ಹೆಸರನ್ನೂ ಎರಡು ಸಲ ಕೇಳಿಕೊಂಡು ತಲೆಯಾಡಿಸುತ್ತಿದ್ದ.

ಅವರೆಲ್ಲ ಹೋಗುವವರೆಗೆ ಕಾದೆ. ನಂತರ ನಡೆದದ್ದನ್ನೆಲ್ಲ ಹೇಳಿದೆ: ಬೀಗ, ಕೆರೆಯುವ ಸದ್ದು, ಉತ್ತರಗಳು, ಗೇಟಿನ ಕಡೆಯಿಂದ ಬಂದ ಕೂಗು. ಚೌರಪ್ಪ ಮಾಸ್ಟರ್ ಪ್ಲೇಟಿಗೆ ನೀಲಿ ಹಚ್ಚುತ್ತಲೇ ಕೇಳಿಸಿಕೊಂಡ. ಅವನಿಗೆ ಆಶ್ಚರ್ಯವಾಗಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

"ನಿನ್ನೆ ನೀವು ಚರ್ಚಿನಲ್ಲಿದ್ದಿರಿ. ಬೀಗದ ಕೈ ನನ್ನ ಜೇಬಲ್ಲಿತ್ತು," ಎಂದೆ. "ಹಾಗಾದರೆ ನಿಜ ಹೇಳಿ ಚೌರಪ್ಪ, ನಿನ್ನೆ ಒಳಗೆ ಯಾರಿದ್ದರು?"

ಅವನು ನೀಲಿಯ ಮೇಲೆ ಬಿದ್ದಿದ್ದ ಒಂದು ಧೂಳಿನ ಕಣವನ್ನು ಕಿರುಬೆರಳಿನಿಂದ ತೆಗೆದ.

"ಬಿಲ್ಲೆ ಬೋರ್ಡು ನಿಮ್ಮತ್ರಾನೇ ಅದೆ ಸಾರ್. ಒಳಗೆ ಯಾರವ್ರೆ ಅಂತ ನನ್ನ ಕೇಳಿದ್ರೆ ಎಂಗೆ?"